ಎರಡನೆಯ ಸರದಿ

ದಾಂಡು ಹಿಡಿದು ಹೊಡೆಯುವ ಆಟ ಎಲ್ಲ ದೇಶಗಳ ಜನರಿಗೂ ಪ್ರಿಯವಾದುದು. ನಮ್ಮಲ್ಲಿ ಚಿನ್ನಿದಾಂಡು, ಇಂಗ್ಲೆಂಡಿನಲ್ಲಿ ಕ್ರಿಕೆಟ್, ಅಮೆರಿಕದಲ್ಲಿ ಬೇಸ್‌ಬಾಲ್. ಅಮೆರಿಕದಲ್ಲಂತೂ ಚೆಂಡನ್ನು ಹೊಡೆಯುವುದು ಒಂದು ವೃತ್ತಿ. ಅದರಿಂದಲೇ ಸಂಸಾರ ಸಾಗಬೇಕು. ಆದರೆ ಆ ವೃತ್ತಿಯ ಲೆಕ್ಕ ವಿಚಿತ್ರವಾದುದು. ಹತ್ತು ಸಲ ಯತ್ನಿಸಿ ಮೂರು ಸಲ ಸರಿಯಾಗಿ ಹೊಡೆದವನು ಅಲ್ಲಿ ನಿಪುಣನೆನಿಸುತ್ತಾನೆ. ಟೆಡ್ ವಿಲಿಯಮ್ಸ್ 1941ರಲ್ಲಿ ಹತ್ತಕ್ಕೆ ನಾಲ್ಕನ್ನು ತುಸು ಮೀರಿದನೆಂದು ಇಂದಿಗೂ ಅವನನ್ನು ಕೊಂಡಾಡುತ್ತಾರೆ. ಹತ್ತಕ್ಕೆ ನಾಲ್ಕು ಅಂಕ ತಂದ ಮಗನಿಗೆ ನಮ್ಮ ಮನೆಗಳಲ್ಲಿ ಯಾವ ಬಗೆಯ ಸ್ವಾಗತ ದೊರೆಯುತ್ತದೆಂಬುದನ್ನು ವಾಚಕರು ಬಲ್ಲರು!

ಬೇಸ್‌ಬಾಲಿನಲ್ಲಿ ಒಮ್ಮೆ ಸೋತವನಿಗೆ ಅದೇ ಪಂದ್ಯದಲ್ಲಿ ಮತ್ತೆ ಮೂರು ನಾಲ್ಕು ಸರದಿಗಳು ಒದಗುತ್ತವೆ. ಕ್ರಿಕೆಟ್ ಅಷ್ಟು ಉದಾರಿಯಲ್ಲ. ಒಂದೇ ಚೆಂಡಿಗೆ ದಾಂಡಿಗನ ಆಟ ಮುಗಿದುಹೋಗಬಹುದು. ಆದರೂ ಟೆಸ್ಟ್ ಪಂದ್ಯದಲ್ಲಿ ಒಂದು ದಯೆಯುಂಟು: ಎರಡನೆಯ ಸರದಿ.

ಆ ಸರದಿಯ ಬೆಲೆ ಎಷ್ಟೆಂಬುದನ್ನು, ಕಡೂರು ತಾಲ್ಲೂಕಿನ ಚೌಳಹಿರಿಯೂರಿನಂಥ ಊರಿನಲ್ಲಿ ತೆಂಗಿನ ಮಟ್ಟೆಯನ್ನೇ ದಾಂಡು ಮಾಡಿಕೊಂಡು ಆಡುವ ಹುಡುಗರಿಗೆ ತಿಳಿಸಿ ಹೇಳಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಬೀರೂರಿನಲ್ಲಿ ಶಿವಮೊಗ್ಗೆಯ ರೈಲು ಹತ್ತಿದರೆ, ತರೀಕೆರೆಯನ್ನು ದಾಟಿದ ಮೇಲೆ ಭದ್ರಾವತಿ ಬರುತ್ತದೆ. ಕಬ್ಬಿಣದ ಕಾರ್ಖಾನೆಯಿಂದ ಹೆಸರಾದ ಆ ಊರಿನಲ್ಲಿ 1949ರ ಫೆಬ್ರವರಿ 12ರಂದು ಗುಂಡಪ್ಪ ವಿಶ್ವನಾಥರು ಜನಿಸಿದರು. ಕುಳ್ಳನೆಯ ಮೈಕಟ್ಟು, ಮಿತವಾದ ಮಾತು, ಬಲವೆಲ್ಲ ಮಣಿಕಟ್ಟಿನಲ್ಲಿ. 1967ರಲ್ಲಿ ಮೈಸೂರು ತಂಡದ ಪರವಾಗಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ಆಡಿದ ಮೊಟ್ಟಮೊದಲನೆಯ ರಣಜಿ ಪಂದ್ಯದಲ್ಲಿಯೇ ಅವರು 230 ರನ್ ಗಳಿಸಿದರು.

ಎರಡು ವರ್ಷಗಳ ತರುವಾಯ, 1969ರ ನವೆಂಬರಿನಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಅವರ ಮೊದಲ ಟೆಸ್ಟ್ ನಡೆಯಿತು. ಮೊದಲನೆಯ ಸರದಿಯಲ್ಲಿ ಬಂದದ್ದು ಸೊನ್ನೆ. ಇಪ್ಪತ್ತು ವರ್ಷದ ಹುಡುಗ; ಇಡೀ ದೇಶದ ಕಣ್ಣು ತನ್ನ ಮೇಲಿರುವಾಗ ಬರಿಗೈಯಲ್ಲಿ ಹಿಂದಿರುಗಿದ ಅವನ ಮನಸ್ಸು ಎಷ್ಟು ಕುಗ್ಗಿದ್ದೀತು! ಆಗ ನಾಯಕ ಪಟೌಡಿಯವರು ಗದರಿಸಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ಚಿಂತಿಸಬೇಡ, ನೀನು ನೂರು ಹೊಡೆಯುವೆ ಎಂದು ಧೈರ್ಯ ತುಂಬಿದರೆಂದು ವಿಶ್ವನಾಥರೇ ನೆನೆದಿದ್ದಾರೆ. ಎರಡನೆಯ ಸರದಿಯಲ್ಲಿ ಅವರು ಹೊಡೆದದ್ದು 137. ಅದರಲ್ಲಿ 25 ಬೌಂಡರಿಗಳು.

ಕಷ್ಟಗಳು ಅಲ್ಲಿಗೆ ತೀರಲಿಲ್ಲ. ಮೊದಲ ಟೆಸ್ಟಿನಲ್ಲಿಯೇ ಶತಕ ಬಾರಿಸಿದ ಭಾರತೀಯನಿಗೆ ಮತ್ತೊಂದು ಶತಕ ದಕ್ಕುವುದಿಲ್ಲವೆಂಬ ಅಪಶಕುನದ ಮಾತೊಂದು ಆಗ ಹಬ್ಬಿತ್ತು. ಲಾಲಾ ಅಮರನಾಥರಿಂದ ಹನುಮಂತ ಸಿಂಗರವರೆಗೆ ಐವರಿಗೆ ಹಾಗೆಯೇ ಆಗಿತ್ತು. ವಿಶ್ವನಾಥರೂ ಮೂರು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. 1973ರಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ 113 ರನ್ ಗಳಿಸಿ ಅವರು ಆ ಮಾತನ್ನು ಸುಳ್ಳು ಮಾಡಿದಾಗ, ಎದುರಾಳಿ ತಂಡದ ನೀಳಕಾಯದ ಟೋನಿ ಗ್ರೆಗ್ ಅವರನ್ನು ಮಗುವಿನಂತೆ ಎತ್ತಿ ತೋಳಿನಲ್ಲಿ ತೂಗಿದರು.

ಅಂಕಿಗಳನ್ನು ಪ್ರೀತಿಸುವವರಿಗಾಗಿ ಹೇಳುವುದಾದರೆ, ಒಟ್ಟು 91 ಟೆಸ್ಟುಗಳಲ್ಲಿ 6080 ರನ್, 14 ಶತಕಗಳು. ಶತಕ ಹೊಡೆದ ಆ ಹದಿನಾಲ್ಕರಲ್ಲಿ ಒಂದನ್ನೂ ಭಾರತ ಸೋಲಲಿಲ್ಲ. ಆದರೆ ಬಲ್ಲವರು ಮೊದಲು ನೆನೆಯುವುದು ಶತಕವಾಗದ ಒಂದು ಆಟವನ್ನು. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸರ ಬಿರುಸಿಗೆ ಭಾರತ ತತ್ತರಿಸಿ 190ಕ್ಕೆ ಮುಗಿಯಿತು. ಅದರಲ್ಲಿ 97 ವಿಶ್ವನಾಥರದು. ಜೊತೆಗಾರರೆಲ್ಲ ತೀರಿದ್ದರಿಂದ ಉಳಿದ ಮೂರು ರನ್‌ಗಳಿಗೆ ಅವಕಾಶವಾಗಲಿಲ್ಲ. ಪಂದ್ಯವನ್ನು ಭಾರತ 100 ರನ್‌ಗಳಿಂದ ಗೆದ್ದಿತು.

ಈಗ ನನ್ನ ಮಾತಿನ ಮುಖ್ಯಾಂಶಕ್ಕೆ ಬರುತ್ತೇನೆ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನೊಡನೆ ಸುವರ್ಣ ಮಹೋತ್ಸವದ ಟೆಸ್ಟ್ ನಡೆಯಿತು. ವಿಶ್ವನಾಥರೇ ನಾಯಕರು. ಇಂಗ್ಲೆಂಡಿನ ಐದು ವಿಕೆಟ್‌ಗಳು ಅಗ್ಗವಾಗಿ ಉರುಳಿದ್ದವು. ಬಾಬ್ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದರು. ಚೆಂಡು ದಾಂಡಿಗೆ ತಗುಲಲಿಲ್ಲವೆಂದು ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಅನಿಸಿತು. ಅವರು ಟೇಲರರನ್ನು ಹಿಂದಕ್ಕೆ ಕರೆಸಿದರು. ಟೇಲರ್ ಹಾಗೂ ಬೋಥಮ್ ಸೇರಿ 171 ರನ್ ಕೂಡಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು.

ಅದು ಜಾಣತನವೇ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಾಯಕನಾದವನು ತನ್ನ ಮನಸ್ಸಾಕ್ಷಿಗಾಗಿ ಹನ್ನೊಂದು ಮಂದಿಯ ಗೆಲುವನ್ನು ಒತ್ತೆಯಿಡಬಹುದೇ? ಪ್ರಶ್ನೆ ಸುಲಭವಾದುದಲ್ಲ. ಆದರೆ ಹೀಗೆ ನೋಡಿರಿ: ತಪ್ಪಿಗೆ ಸೊನ್ನೆ ಪಡೆದವನಿಗೇ ಎರಡನೆಯ ಸರದಿ ಇದೆಯಾದರೆ, ತಪ್ಪನ್ನೇ ಮಾಡದವನಿಗೆ ಮೊದಲನೆಯ ಸರದಿಯಾದರೂ ಪೂರ್ತಿ ದೊರೆಯಬೇಡವೇ? ಕಾನ್ಪುರದಲ್ಲಿ ಪಡೆದದ್ದನ್ನು ಅವರು ಮುಂಬಯಿಯಲ್ಲಿ ಹಿಂದಿರುಗಿಸಿದರೆಂದು ನಾನು ಭಾವಿಸುತ್ತೇನೆ.

ಆ ಕಾಲದಲ್ಲಿ ನಮ್ಮ ಆಟಗಾರನಿಗೆ ಅಮೆರಿಕದವನಂತೆ ಆಟವೇ ಅನ್ನವಾಗಿರಲಿಲ್ಲ. ವಿಶ್ವನಾಥರೂ ಸ್ಟೇಟ್ ಬ್ಯಾಂಕಿನ ಉದ್ಯೋಗಿಯಾಗಿದ್ದವರು. ಆಟದ ಸರದಿಗಳೂ ಅನಂತವಲ್ಲ. 1981ರಲ್ಲಿ ಮೆಲ್ಬೋರ್ನಿನಲ್ಲಿ 114 ಹೊಡೆದು ಗೆಲುವಿಗೆ ತಳಹದಿ ಹಾಕಿದವರು, 1983ರ ಆರಂಭದಲ್ಲಿ ಕರಾಚಿಯಲ್ಲಿ ಕೊನೆಯ ಟೆಸ್ಟ್ ಆಡಿದರು. ಆಮೇಲೆ ಕರೆ ಬರಲಿಲ್ಲ.

ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ ತಂದೆತಾಯಿಗಳು ಇದನ್ನು ನೆನೆಯಬೇಕು. ನಮ್ಮ ಎಸ್‌ಎಸ್‌ಎಲ್‌ಸಿಗೂ 2024ರಲ್ಲಿ ಒಂದೇ ವರ್ಷದೊಳಗೆ ಮೂರು ಪರೀಕ್ಷೆಗಳ ಏರ್ಪಾಡು ಬಂದಿತು. ಇಲಾಖೆ ಅವಕಾಶ ಕೊಟ್ಟರಷ್ಟೇ ಸಾಲದು, ಮನೆಯೂ ಕೊಡಬೇಕು. ಸೊನ್ನೆಯೊಡನೆ ಮನೆಗೆ ಬಂದ ಮಗುವಿಗೆ ಆ ಸಂಜೆ ಏನು ಹೇಳುತ್ತೇವೆಂಬುದರ ಮೇಲೆ ಅದರ ಎರಡನೆಯ ಸರದಿ ನಿಂತಿದೆ.