ನಿರಾಶ್ರಿತರ ಬೆನ್ನ ಮೇಲೆ ರಾಜತಂತ್ರ

ಗಿರಣಿಯಲ್ಲಿ ಮುಷ್ಕರ ಹೂಡಿದಾಗ ಮಾಲೀಕನ ಕೈಯಲ್ಲಿರುವ ದೊಡ್ಡ ಆಯುಧ ಯಾವುದೆಂಬುದನ್ನು ನಮ್ಮ ಕಾರ್ಮಿಕ ಬಂಧುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಪೊಲೀಸರ ಲಾಠಿಯಲ್ಲ. ಬಾಗಿಲ ಹೊರಗೆ ಕೂಲಿಗಾಗಿ ಕಾದು ನಿಂತ ಹಸಿದ ಜನರ ಸಾಲು. ಆತ ಅವರತ್ತ ಬೆರಳು ತೋರಿಸುತ್ತಾನೆ, ಅಷ್ಟೇ ಸಾಕು. ಹೊರಗೆ ನಿಂತವನು ಒಳಗಿನವನ ವೈರಿಯಲ್ಲ. ಒಳಗಿನವನು ಹೊರಗಿನವನಿಗೆ ಯಾವ ಕೇಡನ್ನೂ ಬಗೆದಿಲ್ಲ. ಆದರೂ ಇಬ್ಬರನ್ನು ಎದುರುಬದುರು ನಿಲ್ಲಿಸಿ ಮೂರನೆಯವನು ತನ್ನ ಕಾರ್ಯ ಸಾಧಿಸಿಕೊಳ್ಳುತ್ತಾನೆ. ಇದೇ ಆಟವನ್ನು ಸರ್ಕಾರಗಳು ನೆರೆದೇಶಗಳ ಮೇಲೆ ಆಡುತ್ತಾ ಬಂದಿವೆ. ಅಲ್ಲಿ ಗಿರಣಿಯ ಬಾಗಿಲಿಗೆ ಬದಲಾಗಿ ದೇಶದ ಗಡಿ ಇದೆ.

ಒಂದು ನಿದರ್ಶನವನ್ನು ವಿವರವಾಗಿ ನೋಡೋಣ. ಆಫ್ರಿಕದ ಉತ್ತರ ತೀರದಲ್ಲಿ, ಮೊರಾಕೋ ದೇಶದ ನೆಲಕ್ಕೆ ಅಂಟಿಕೊಂಡು, ಸ್ಯೂಟಾ ಎಂಬ ಸಣ್ಣ ಪಟ್ಟಣವಿದೆ. ಅದು ಸ್ಪೇನ್ ದೇಶದ ಸ್ವಾಧೀನದಲ್ಲಿರುವ ಊರು. 2021ರ ಮೇ 17 ಮತ್ತು 18ರಂದು ಮೊರಾಕೋದ ಗಡಿ ಕಾವಲುಗಾರರು ಪಕ್ಕಕ್ಕೆ ಸರಿದು ನಿಂತರು. ಎರಡೇ ದಿನಗಳಲ್ಲಿ ಸುಮಾರು 8,000 ಜನ ಸಮುದ್ರದಲ್ಲಿ ಈಜಿ, ಬೇಲಿಯ ತುದಿಯನ್ನು ಬಳಸಿ ಆ ಪಟ್ಟಣವನ್ನು ಹೊಕ್ಕರು. ಅವರಲ್ಲಿ ಸಾವಿರಕ್ಕೂ ಮಿಕ್ಕು ಎಳೆಯರಿದ್ದರು. ನೀರಿನಲ್ಲಿ ಪ್ರಾಣ ಬಿಟ್ಟವರೂ ಉಂಟು. ಸ್ಪೇನ್ ಸೈನ್ಯವನ್ನು ಇಳಿಸಿತು. ಬಂದವರಲ್ಲಿ ಬಹುಮಂದಿಯನ್ನು ಕೆಲವೇ ದಿನಗಳಲ್ಲಿ ಹಿಂದಕ್ಕಟ್ಟಿತು.

ಕಾವಲುಗಾರರು ಏಕೆ ಸರಿದರು? ಮೊರಾಕೋದ ದಕ್ಷಿಣಕ್ಕಿರುವ ಪಶ್ಚಿಮ ಸಹಾರಾ ಹಿಂದೆ ಸ್ಪೇನಿನ ವಸಾಹತಾಗಿತ್ತು. 1975-76ರಲ್ಲಿ ಸ್ಪೇನ್ ಅಲ್ಲಿಂದ ಕಾಲ್ತೆಗೆದಾಗ ಮೊರಾಕೋ ಆ ನೆಲದ ಮೇಲೆ ಕೈಯಿಟ್ಟಿತು. ಅಲ್ಲಿನ ಸಹರಾವಿ ಜನ ಸ್ವಾತಂತ್ರ್ಯಕ್ಕಾಗಿ ಹೋರಾಡಿದರು. 1991ರಲ್ಲಿ ಕದನವಿರಾಮವಾಗಿ, ಜನಮತಗಣನೆ ನಡೆಸುವುದಾಗಿ ವಿಶ್ವಸಂಸ್ಥೆ ಅವರಿಗೆ ಮಾತು ಕೊಟ್ಟಿತು. ಆ ಗಣನೆ ನಡೆಯಲೇ ಇಲ್ಲ. ಅವರ ನಾಯಕ ಬ್ರಾಹಿಂ ಘಾಲಿಯವರು 2021ರ ಏಪ್ರಿಲಿನಲ್ಲಿ ಕೋವಿಡ್ ರೋಗಿಯಾಗಿ ಸ್ಪೇನಿನ ಆಸ್ಪತ್ರೆಯೊಂದನ್ನು ಸೇರಿದರು. ಮೊರಾಕೋಗೆ ಕೋಪ ಬಂತು. ಮರುತಿಂಗಳೇ ಗಡಿಯ ಬಾಗಿಲು ತೆರೆಯಿತು.

ಈಜಿ ಬಂದವರು ಯಾರು? ಬಹುಮಂದಿ ಮೊರಾಕೋದ ಬಡ ತರುಣರೇ. ಗಡಿಯಾಚೆಯ ಊರುಗಳವರು ಸ್ಯೂಟಾದಿಂದ ಸರಕು ಹೊತ್ತು ತಂದು ಮಾರಿ ಜೀವನ ಮಾಡುತ್ತಿದ್ದರು. ಬೆನ್ನ ಮೇಲೆ ದೊಡ್ಡ ದೊಡ್ಡ ಗಂಟುಗಳನ್ನು ಹೊತ್ತು ಗಡಿ ದಾಟುವ ಹೆಂಗಸರೇ ಆ ವ್ಯಾಪಾರಕ್ಕೆ ಆಧಾರ. ಆ ತಲೆಹೊರೆ ವ್ಯಾಪಾರವನ್ನು ಮೊರಾಕೋ ಸರ್ಕಾರವೇ 2019ರಲ್ಲಿ ನಿಲ್ಲಿಸಿತು. 2020ರ ಮಾರ್ಚಿನಲ್ಲಿ ಕೋವಿಡ್ ನಿಮಿತ್ತ ಗಡಿಯೇ ಮುಚ್ಚಿತು. ಒಲೆ ಆರಿದ ಮನೆಯ ಮಕ್ಕಳಿಗೆ ಬಾಗಿಲು ತೆರೆದಿದೆ ಎಂಬ ಸುದ್ದಿ ಮುಟ್ಟಿದರೆ ಅವರು ಓಡದೆ ಇರುತ್ತಾರೆಯೆ? ಸರ್ಕಾರ ಮೊದಲು ಅನ್ನ ಕಿತ್ತುಕೊಂಡಿತು. ಅನಂತರ ಹಸಿವನ್ನೇ ಆಯುಧ ಮಾಡಿಕೊಂಡಿತು.

ಆ ಆಯುಧ ಗುರಿ ಮುಟ್ಟಿತೆಂಬುದನ್ನು ಮರೆಯಲಾಗದು. 2022ರ ಮಾರ್ಚಿನಲ್ಲಿ ಸ್ಪೇನಿನ ಪ್ರಧಾನಿ ಪೆಡ್ರೊ ಸ್ಯಾಂಚೆಜ್ ತಮ್ಮ ದೇಶದ ಹಳೆಯ ನೀತಿಯನ್ನು ಬದಲಿಸಿ, ಪಶ್ಚಿಮ ಸಹಾರಾ ಕುರಿತ ಮೊರಾಕೋದ ಯೋಜನೆಗೆ ಬೆಂಬಲವಿತ್ತರು. ಅವರದು ಸಮಾಜವಾದಿ ಎಂಬ ಹೆಸರು ಹೊತ್ತ ಪಕ್ಷ. ಹೀಗೆನ್ನಲು ನಮಗೆ ನಾಚಿಕೆಯಾಗುತ್ತದೆ. ಅಲ್ಜೀರಿಯದ ಟಿಂಡೂಫ್ ಬಳಿಯ ಮರುಭೂಮಿಯ ಶಿಬಿರಗಳಲ್ಲಿ ಹತ್ತಾರು ವರ್ಷಗಳಿಂದ ಕಾದು ಕುಳಿತ ಸಹರಾವಿ ನಿರಾಶ್ರಿತರ ಹಕ್ಕು ಹೀಗೆ ಚೌಕಾಸಿಯ ಸರಕಾಯಿತು. ಒಬ್ಬ ಬಡವನನ್ನು ನೀರಿಗೆ ನೂಕಿ ಇನ್ನೊಬ್ಬ ಬಡವನ ನೆಲಕ್ಕೆ ಬೆಲೆ ಕಟ್ಟಿದರು.

ಕತೆ ಅಲ್ಲಿಗೂ ಮುಗಿಯಲಿಲ್ಲ. ಸ್ನೇಹ ಕುದುರಿದ ಮೂರೇ ತಿಂಗಳಲ್ಲಿ, 2022ರ ಜೂನ್ 24ರಂದು, ಸ್ಪೇನಿನ ಇನ್ನೊಂದು ಗಡಿಪಟ್ಟಣವಾದ ಮೆಲಿಲ್ಲಾದ ಬೇಲಿಯ ಬಳಿ ಕನಿಷ್ಠ 23 ಮಂದಿ ಸತ್ತರು. ಬೇಲಿ ದಾಟಲು ಬಂದವರಲ್ಲಿ ಬಹುಮಂದಿ ಸುಡಾನ್ ದೇಶದಿಂದ ಬಂದವರು. ಹಿಂದಿನ ವರ್ಷ ಪಕ್ಕಕ್ಕೆ ಸರಿದು ನಿಂತ ಕಾವಲು ಪಡೆಯೇ ಈ ಸಲ ಅಡ್ಡ ನಿಂತಿತ್ತು. ಬಾಗಿಲು ತೆರೆದದ್ದೂ ದಯೆಯಿಂದಲ್ಲ, ಮುಚ್ಚಿದ್ದೂ ಕಾನೂನಿನಿಂದಲ್ಲ. ಎರಡೂ ವ್ಯಾಪಾರವೇ.

ಮೊರಾಕೋ ಒಂದೇ ಈ ದಾರಿ ಹಿಡಿದದ್ದಲ್ಲ. 2010ರಲ್ಲಿ ಲಿಬಿಯದ ಗಡಾಫಿ ರೋಮ್ ನಗರದಲ್ಲಿಯೇ ನಿಂತು, ಆಫ್ರಿಕದ ವಲಸೆಗಾರರನ್ನು ತಡೆಯಬೇಕಾದರೆ ಯೂರೋಪು ವರ್ಷಕ್ಕೆ 500 ಕೋಟಿ ಯೂರೋ ಕೊಡಬೇಕೆಂದು ಕೇಳಿದ. 2021ರಲ್ಲಿ ಬೆಲಾರೂಸಿನ ಲುಕಾಶೆಂಕೊ, ತನ್ನ ಮೇಲೆ ಯೂರೋಪು ಹೇರಿದ ನಿರ್ಬಂಧಗಳಿಗೆ ಪ್ರತೀಕಾರವಾಗಿ, ಇರಾಕ್ ಮೊದಲಾದ ದೇಶಗಳ ಜನ ವಿಮಾನದಲ್ಲಿ ಬಂದಿಳಿಯಲು ದಾರಿ ಮಾಡಿಕೊಟ್ಟು, ಅವರನ್ನು ಪೋಲೆಂಡಿನ ಗಡಿಗೆ ಅಟ್ಟಿದ. ಪೋಲೆಂಡ್ ಅವರನ್ನು ಹಿಂದಕ್ಕೆ ನೂಕಿತು. ಎರಡು ಸೈನ್ಯಗಳ ನಡುವಿನ ಕಾಡಿನಲ್ಲಿ ಚಳಿಗೆ ಜನ ಸತ್ತರು. ನೂಕಿದವನು ಸರ್ವಾಧಿಕಾರಿ, ಹಿಂದಕ್ಕೆ ನೂಕಿದವರು ಪ್ರಜಾಪ್ರಭುತ್ವವಾದಿಗಳು. ಸತ್ತವನಿಗೆ ಆ ಭೇದ ತಿಳಿಯಲಿಲ್ಲ.

ಟರ್ಕಿಯ ಮಾತನ್ನು ಸ್ವಲ್ಪ ಬೇರೆಯಾಗಿ ಹೇಳಬೇಕು. ಸಿರಿಯದ ಯುದ್ಧದಿಂದ ಓಡಿಬಂದ ಸುಮಾರು 36 ಲಕ್ಷ ಜನರನ್ನು ಅದು ಇರಿಸಿಕೊಂಡಿತ್ತು. ಆ ಹೊರೆ ಸುಳ್ಳಲ್ಲ. 2016ರ ಮಾರ್ಚಿನಲ್ಲಿ ಯೂರೋಪು 600 ಕೋಟಿ ಯೂರೋ ನೆರವಿನ ಮಾತು ಕೊಟ್ಟು, ಗ್ರೀಸಿನ ದ್ವೀಪಗಳಿಗೆ ಬಂದವರನ್ನು ಟರ್ಕಿ ಹಿಂದಕ್ಕೆ ಕರೆದುಕೊಳ್ಳಬೇಕೆಂದು ಒಪ್ಪಂದ ಮಾಡಿಕೊಂಡಿತು. 2020ರ ಫೆಬ್ರವರಿ ಕೊನೆಗೆ, ಸಿರಿಯದಲ್ಲಿ ತನ್ನ ಸೈನಿಕರು ಸತ್ತೊಡನೆ, ಟರ್ಕಿ ಗಡಿ ತೆರೆದಿದೆಯೆಂದು ಸಾರಿತು. ಸಾವಿರಾರು ಜನ ಗ್ರೀಸಿನ ಗಡಿಗೆ ಓಡಿದರು. ಗ್ರೀಸ್ ಒಂದು ತಿಂಗಳ ಕಾಲ ಆಶ್ರಯದ ಅರ್ಜಿಗಳನ್ನೇ ತೆಗೆದುಕೊಳ್ಳಲಿಲ್ಲ. ಸಂತೆಯಲ್ಲಿ ಪುಂಡನಿಗೆ ಮಾಮೂಲು ಕೊಟ್ಟು ಕೊಟ್ಟು ಬೇಸತ್ತ ನಮ್ಮ ಸಣ್ಣ ವ್ಯಾಪಾರಿಗಳಿಗೆ ಈ ಲೆಕ್ಕ ಗೊತ್ತು: ಹೆದರಿ ಒಮ್ಮೆ ಕೊಟ್ಟವನ ಅಂಗಡಿಗೆ ಪುಂಡ ಮತ್ತೆ ಬಂದೇ ಬರುತ್ತಾನೆ.

ಆದುದರಿಂದ ಸ್ಪಷ್ಟವಾಗಿ ಹೇಳುತ್ತೇವೆ. ಜನರನ್ನು ನೂಕುವವನು ಅರ್ಧ ಅಪರಾಧಿ ಮಾತ್ರ. ಉಳಿದರ್ಧ, ಬಡವನನ್ನು ಕಂಡರೆ ನಡುಗಿ ಆತನನ್ನು ತಡೆಯಲು ಹಣ ಕೊಡುವ ಶ್ರೀಮಂತ ದೇಶದ್ದು. 8,000 ಜನ ಬಂದರೆಂದು ಸ್ಪೇನಿನಂಥ ದೇಶ ಮುಳುಗುವುದಿಲ್ಲ. ಬಂದವನ ಅಹವಾಲನ್ನು ಕೇಳಿ, ಆಶ್ರಯಕ್ಕೆ ಅರ್ಹನಾದವನಿಗೆ ಆಶ್ರಯ, ಇಲ್ಲದವನಿಗೆ ಮಾನವಾಗಿ ಹಿಂತಿರುಗುವ ದಾರಿ, ನಿಜವಾಗಿ ಹೊರೆ ಹೊತ್ತ ನೆರೆದೇಶಕ್ಕೆ ಹೊರೆಯಲ್ಲಿ ಪಾಲು: ಇಷ್ಟನ್ನು ಶಾಸನದಂತೆ ಮಾಡಿದರೆ ಬೆದರಿಸುವವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹೆದರಿಕೆ ಇರುವಲ್ಲಿ ಮಾತ್ರ ಈ ಆಯುಧಕ್ಕೆ ಮೊನೆ.

ನಮ್ಮ ದೇಶವೇನು ಮಾಡಿದೆ? 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಪಾಕಿಸ್ತಾನಿ ಸೈನ್ಯದ ಕ್ರೌರ್ಯಕ್ಕೆ ಸಿಕ್ಕಿ ಸುಮಾರು 1 ಕೋಟಿ ಜನ ಭಾರತಕ್ಕೆ ಬಂದರು. ಅಂದು ಬಡ ಭಾರತ ಬಾಗಿಲು ಹಾಕಲಿಲ್ಲ. ಅವರಿಗಾಗಿ ಕಾಗದಗಳ ಮೇಲೆ 5 ಪೈಸೆಯ ಹೆಚ್ಚಿನ ಅಂಚೆಚೀಟಿ ಅಂಟಿಸಿದ ಹಿರಿಯರು ನಮ್ಮಲ್ಲಿದ್ದಾರೆ. ಅದು ಹೆಮ್ಮೆಯ ಮಾತು. ಆದರೆ 1951ರ ಅಂತರರಾಷ್ಟ್ರೀಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಶಾಸನವನ್ನೂ ಮಾಡಿಲ್ಲ. ಟಿಬೆಟಿನಿಂದ ಬಂದವರಿಗೆ ಬೈಲಕುಪ್ಪೆಯಲ್ಲಿ ಭೂಮಿ ದೊರೆಯಿತು, ಒಳ್ಳೆಯದಾಯಿತು. ಬರ್ಮಾದಿಂದ ಓಡಿಬಂದ ರೋಹಿಂಗ್ಯಾ ಜನರನ್ನು ಹೊರಗಟ್ಟುವುದಾಗಿ 2017ರಲ್ಲಿ ಸರ್ಕಾರ ಸಾರಿತು. ಶಾಸನವಿಲ್ಲದಲ್ಲಿ ನಿರಾಶ್ರಿತನ ಹಣೆಬರಹವನ್ನು ಬರೆಯುವುದು ಆತನ ಕಷ್ಟವಲ್ಲ, ದೆಹಲಿಗೆ ಯಾವ ನೆರೆದೇಶದೊಡನೆ ಎಂಥ ಸಂಬಂಧ ಎಂಬುದು. ಅಂದರೆ ಚೌಕಾಸಿಯ ಬಾಗಿಲು ಇಲ್ಲಿಯೂ ತೆರೆದೇ ಇದೆ. ಅದನ್ನು ಮುಚ್ಚಲು ನಿರಾಶ್ರಿತರ ಹಕ್ಕಿನ ಶಾಸನವೊಂದು ಬೇಕೆಂಬುದು ನಮ್ಮ ಆಗ್ರಹ.

ಚುನಾವಣೆ ಬಂದಾಗ ಗಡಿ ದಾಟಿ ಬಂದವರನ್ನು ತೋರಿಸಿ ನಿಮ್ಮ ಕೂಲಿ, ನಿಮ್ಮ ಅಂಗಡಿ ಹೋಯಿತೆಂದು ಹೆದರಿಸುವ ಭಾಷಣಕಾರರು ನಮ್ಮ ಊರಿಗೂ ಬರುತ್ತಾರೆ. ಆಗ ನಮ್ಮ ಓದುಗರು ಗಿರಣಿಯ ಬಾಗಿಲನ್ನು ನೆನೆಯಲಿ. ಹೊರಗೆ ನಿಂತವನನ್ನು ಬಯ್ಯುವ ಮೊದಲು, ಅವನನ್ನು ಅಲ್ಲಿ ನಿಲ್ಲಿಸಿದವರು ಯಾರು, ಅದರಿಂದ ಲಾಭ ಯಾರಿಗೆ ಎಂದು ಕೇಳಲಿ.