ಹಸುವಿಗೆ ಗಾಡಿ ಬರುತ್ತೆ, ನಮ್ಮ ಹುಡುಗನಿಗೆ?

ಹೋದ ತಿಂಗಳು ನಮ್ಮ ಸೀಮೆಹಸು ಮೇವು ಬಿಟ್ಟು ಮಲಗಿತು. 1962ಕ್ಕೆ ಫೋನು ಮಾಡಿದೆ. ಮಧ್ಯಾಹ್ನದೊಳಗೆ ಪಶು ಸಂಜೀವಿನಿ ಗಾಡಿ ಕೊಟ್ಟಿಗೆ ಮುಂದೆ ನಿಂತಿತ್ತು. ಡಾಕ್ಟರು ಇಳಿದರು, ಸೂಜಿ ಹಾಕಿದರು, ಬಾಟ್ಲಿ ಏರಿಸಿ ಹೋದರು. 2022ರಲ್ಲಿ ಈ ಗಾಡಿಗಳು ಬಂದಾಗ ‘ಇದೆಲ್ಲಾ ನಾಲ್ಕು ದಿನದ ಆಟ’ ಅಂದವನು ನಾನೇ. ಆ ಮಾತನ್ನು ವಾಪಸ್ ತಗೊಂಡಿದ್ದೀನಿ.

ಗಾಲಿಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡ್ತಿದ್ದ ನಮ್ಮಣ್ಣನ ಮಗ, “ಚಿಕ್ಕಪ್ಪ, ನನ್ನ ಕಿವಿಗೂ ಒಂದು ಓಲೆ ಹಾಕಿಸಿಬಿಡು, ನಂಗೂ ಗಾಡಿ ಮನೆ ತಾವಕ್ಕೇ ಬರ್ತದೆ” ಅಂದ. ತಮಾಷೆಗೇ ಅಂದದ್ದು. ಡಾಕ್ಟರೂ ನಕ್ಕರು. ನಂಗೆ ಮಾತ್ರ ಆ ಮಾತು ಮನಸ್ಸಲ್ಲಿ ಕೂತುಬಿಟ್ಟಿತು.

ಅವನು ನಾಲ್ಕು ವರ್ಷದ ಹಿಂದೆ ಹುಣಸೆಹಣ್ಣು ಬಡಿಯುವಾಗ ಮರದಿಂದ ಬಿದ್ದ. ಬೆನ್ನುಹುರಿಗೆ ಏಟು, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಬಿದ್ದ ದಿನ 108 ಬಂತು, ತುಮಕೂರಿಗೆ ಸಾಗಿಸಿತು, ಒಂದು ರೂಪಾಯಿ ತಗೊಳ್ಳಲಿಲ್ಲ. 2008ರ ನವೆಂಬರ್ 1ರಂದು ಶುರುವಾದ ಆ ಸೇವೆ ಇಲ್ಲದಿದ್ದರೆ ಅವನು ಉಳೀತಿರಲಿಲ್ಲ.

ನನ್ನ ತಕರಾರು ಆಮೇಲಿನ ಕಥೆಯದು. ಮೂತ್ರಕ್ಕೆ ಹಾಕಿರೋ ನಳಿಕೆಯನ್ನು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಬದಲಿಸಬೇಕು. ಕೂತು ಕೂತು ಆಗೋ ಹುಣ್ಣನ್ನು ತೋರಿಸಬೇಕು. ಇದು ತುರ್ತು ಅಲ್ಲ, ಆದರೆ ತಪ್ಪಿಸೋ ಹಾಗೂ ಇಲ್ಲ. ಇದಕ್ಕೆ 108 ಕರೆಯೋದು ಸರಿಯಲ್ಲ. ಅದೇ ಹೊತ್ತಿಗೆ ಇನ್ಯಾರಿಗೋ ಎದೆನೋವು ಬಂದಿರಬಹುದು.

ನಮ್ಮದು ಸಿ.ಎಸ್.ಪುರ ಕಡೆಯ ಹಳ್ಳಿ. ಗುಬ್ಬಿಗೂ ದೂರ, ಕುಣಿಗಲ್ಲಿಗೂ ದೂರ. ಅವನ ಹತ್ತಿರ ಅಂಗವಿಕಲರ ಬಸ್ ಪಾಸಿದೆ, ವರ್ಷಕ್ಕೆ 660 ರೂಪಾಯಿ, ಊರಿಂದ ನೂರು ಕಿಲೋಮೀಟರ್ ತನಕ ಓಡಾಡಬಹುದು. ಜೊತೆಗೆ ಹೋಗೋ ನಮ್ಮತ್ತಿಗೆಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟೇ ಇಲ್ಲ. ಇಬ್ಬರಿಗೂ ಬಸ್ಸುಂಟು, ಆದರೆ ಹತ್ತೋದು ಹೆಂಗೆ? ನಮ್ಮ ಹಳ್ಳಿ ಬಸ್ಸಿನ ಮೆಟ್ಟಿಲು ಮೊಣಕಾಲೆತ್ತರ, ಬಾಗಿಲು ಇಕ್ಕಟ್ಟು. ಅರವತ್ತು ಕೇಜಿ ಗಂಡಾಳನ್ನು ಎತ್ತಿ ಒಳಗೆ ಹಾಕಿ, ಕುರ್ಚಿ ಮಡಿಸಿ ಇಡೋವರೆಗೆ ಡ್ರೈವರ್ ಕಾಯಬೇಕು. ಬಿದ್ದ ಹೊಸದರಲ್ಲಿ ಎರಡು ಸಾರಿ ಹೀಗೆ ಹೋದೆವು. ಆಮೇಲೆ ಅವನೇ ಬೇಡ ಅಂದ. ಜನ ಅಯ್ಯೋ ಪಾಪ ಅನ್ನೋದೇ ಅವನಿಗೆ ಬೇಜಾರು.

ಸರ್ಕಾರ ಕೊಡೋ ಪಕ್ಕದ ಗಾಲಿಯ ಸ್ಕೂಟರಿಗೆ ಅರ್ಜಿ ಹಾಕಿ ಅಂದರು. ಕಾಲು ಸೋತವರಿಗೆ ಒಳ್ಳೇದೇ. ಸೊಂಟವೇ ನಿಲ್ಲದವನು ಅದರ ಮೇಲೆ ಕೂರೋದೆಂತು?

ಹಾಗಾಗಿ ಊರಿನ ಹಳೇ ಓಮ್ನಿಯೇ ಗತಿ. ಗುಬ್ಬಿಗೆ ಹೋಗಿ, ಕಾದು, ವಾಪಸ್ ಬರೋಕೆ 1,400 ರೂಪಾಯಿ. ಗಾಡಿಯವನದು ತಪ್ಪೇನಿಲ್ಲ, ಪೆಟ್ರೋಲು ಅವನ ಕೈಯಿಂದ ಹಾಕಬೇಕು. ಹುಡುಗನಿಗೆ ಬರೋ ಅಂಗವಿಕಲ ಮಾಸಾಶನವೂ 1,400ವೇ. ಸರ್ಕಾರ ಕೊಟ್ಟದ್ದು ಓಮ್ನಿಗೆ ಸರಿಹೋಯಿತು. ವರ್ಷಕ್ಕೆ ಹನ್ನೆರಡು ಸಾರಿ ಅಂದರೆ 16,800. 2025-26ರ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 4,886. ಹತ್ತಿರ ಹತ್ತಿರ ಮೂರೂವರೆ ಕ್ವಿಂಟಾಲ್ ರಾಗಿ! ಮಳೆ ಕೈಹಿಡಿದ ವರ್ಷ ನಮ್ಮ ಖುಷ್ಕಿಯಲ್ಲಿ ಅರ್ಧ ಎಕರೆ ಬೆಳೆ ಅದು. ಕೈಕೊಟ್ಟ ವರ್ಷದ ಲೆಕ್ಕ ಹೇಳೋದು ಬೇಡ. ಆಸ್ಪತ್ರೆಯಲ್ಲಿ ಕೆಲಸ ಪುಕ್ಕಟೆ, ಅಲ್ಲಿಗೆ ಹೋಗೋದಕ್ಕೇ ಈ ಖರ್ಚು.

ಎರಡು ವರ್ಷದ ಹಿಂದೆ ರಾಗಿ ಕೊಯ್ಲಿನ ಹೊತ್ತು. ಕೈಲಿ ದುಡ್ಡಿಲ್ಲ, ಎತ್ತಿ ಕೂರಿಸೋಕೆ ಆಳೂ ಇಲ್ಲ. ಕಣದ ಕೆಲಸ ಮುಗೀಲಿ ಅಂತ ಆರು ವಾರ ದೂಡಿದೆವು. ನಳಿಕೆ ಕಟ್ಟಿಕೊಂಡಿತು. ಒಂದು ರಾತ್ರಿ ಚಳಿ ಜ್ವರ ಬಂದು ಹುಡುಗ ಗಡಗಡ ನಡುಗಿದ. ಆಗ 108 ಬಂತು, ಪುಕ್ಕಟೆ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ದೂಡಿದ್ದು ನಮ್ಮದೇ ತಪ್ಪು, ಒಪ್ಪಿಕೊಳ್ತೀನಿ. ಆದರೆ ಈ ಲೆಕ್ಕ ನೋಡಿ: ಕೆಡೋ ತನಕ ಕಾದರೆ ಗಾಡಿ ಪುಕ್ಕಟೆ, ಕೆಡದ ಹಾಗೆ ನೋಡಿಕೊಳ್ಳೋಕೆ ಹೊರಟರೆ 1,400. ಹನ್ನೊಂದು ದಿನದ ಔಷಧಿ, ಹಾಸಿಗೆ, ನರ್ಸಮ್ಮನವರ ಶ್ರಮ, ಇದಕ್ಕೆಲ್ಲ ಸರ್ಕಾರಕ್ಕೆ ಎಷ್ಟು ಬಿದ್ದಿರಬಹುದು? ಆ ದುಡ್ಡಿನಲ್ಲಿ ಎಷ್ಟು ಸಾರಿ ಗಾಡಿ ಕಳಿಸಬಹುದಿತ್ತು?

ಕಾನೂನು ಇಲ್ಲ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಕಲಮು, ಹತ್ತಿರದಲ್ಲೇ, ಮುಖ್ಯವಾಗಿ ಹಳ್ಳಿಗಳಲ್ಲಿ, ಆದಾಯ ನೋಡಿ ಉಚಿತ ಚಿಕಿತ್ಸೆ ಕೊಡಬೇಕು ಅನ್ನುತ್ತೆ. ತುರ್ತಲ್ಲದ ಕೆಲಸಕ್ಕೆ ಗಾಡಿ ಕೊಡೋದೂ ಸರ್ಕಾರಕ್ಕೆ ಹೊಸದಲ್ಲ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಬಸುರಿಯನ್ನು ಕರೆತರೋಕೂ, ಬಾಣಂತಿ-ಮಗುವನ್ನು ಮನೆಗೆ ಬಿಡೋಕೂ ಉಚಿತ ವಾಹನ ಅಂತ ಮಾಡಿದರು. ಅದೇ ನಿಯಮವನ್ನು ನಡೆಯಲಾಗದವರಿಗೂ ಮಾಡಬಾರದಾ?

ಕೆಲವರು ಕೇಳ್ತಾರೆ, ಗಾಡಿ ಯಾಕೆ, ನರ್ಸೇ ಮನೆಗೆ ಬರಲಿ ಅಂತ. ಬಂದರೆ ಇನ್ನೂ ಒಳ್ಳೇದು. ಪಕ್ಕದ ಕೇರಳದಲ್ಲಿ 2008ರಲ್ಲೇ ನೀತಿ ಮಾಡಿ, ಪಂಚಾಯತಿಗಳ ಕಡೆಯಿಂದ ನರ್ಸುಗಳು ಗಾಡಿಯಲ್ಲಿ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡ್ತಾರೆ. ನಳಿಕೆ ಬದಲಿಸೋದು, ಹುಣ್ಣು ತೊಳೆಯೋದು ಅವರ ದಿನದ ಕೆಲಸ. ಆದರೆ ಸ್ಕ್ಯಾನಿಂಗಿಗೆ, ದೊಡ್ಡ ಡಾಕ್ಟರಿಗೆ, ಅಂಗವಿಕಲತೆಯ ಸರ್ಟಿಫಿಕೇಟಿಗೆ ಮನುಷ್ಯನೇ ಹೋಗಬೇಕಲ್ಲ.

ನನ್ನ ತಲೆಗೆ ಹೊಳೆಯೋದು ಹಾಲಿನ ಗಾಡಿ. ಯಾವ ದಿನ, ಯಾವ ಹೊತ್ತಿಗೆ, ಯಾವ ಊರು ಅಂತ ಅದಕ್ಕೆ ಗೊತ್ತು. ತಾಲ್ಲೂಕಿಗೆ ಒಂದು ಗಾಡಿ, ಕುರ್ಚಿ ಸಮೇತ ತಳ್ಳಿ ಹತ್ತಿಸೋಕೆ ಒಂದು ಹಲಗೆ, ಜೊತೆಗೊಬ್ಬರಿಗೆ ಜಾಗ, ಸಾಕು. ವಾರದಲ್ಲಿ ಇಂಥ ದಿನ ಇಂಥ ಹೋಬಳಿ ಅಂತ ಗೊತ್ತು ಮಾಡಲಿ. ಮನೋಚೈತನ್ಯ ಅಂತ ಮಂಗಳವಾರ ತಾಲ್ಲೂಕಾಸ್ಪತ್ರೆಗೆ ಮಾನಸಿಕ ವೈದ್ಯರು ಬರೋ ಏರ್ಪಾಡನ್ನು 2014ರಲ್ಲಿ ಮಾಡಿದರಲ್ಲ, ಹಾಗೇ ದಿನ ಗೊತ್ತಿದ್ದರೆ ಗಾಡಿ ಖಾಲಿ ಓಡಲ್ಲ. ಗುಬ್ಬಿ, ಕುಣಿಗಲ್ ಎರಡರಲ್ಲಿ ಒಂದು ವರ್ಷ ನಡೆಸಿ ನೋಡಲಿ.

ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಹೊಸದಾಗಿ ಎಣಿಸಬೇಕಾಗೂ ಇಲ್ಲ. ಪಂಚಾಯತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಪಟ್ಟಿ ಅವರ ಕೈಲಿದೆ. ದುಡ್ಡು? ಪಂಚಾಯತಿಯ ಸ್ವಂತ ಆದಾಯದಲ್ಲಿ ನೂರಕ್ಕೆ ಐದು ಅಂಗವಿಕಲರಿಗೆ ಅಂತ ಇದೆ. ಒಂದು ಪಂಚಾಯತಿಯ ಐದು ಪರ್ಸೆಂಟು ಗಾಡಿಗೆ ಸಾಲದು, ನಿಜ. ಕೆಲವು ಕಡೆ ಅದರಲ್ಲಿ ಸೋಲಾರ್ ದೀಪ, ನೀರಿನ ಡ್ರಮ್ಮು ಹಂಚಿ ಫೋಟೋ ತೆಗೆಸ್ತಾರೆ. ಹತ್ತು ಪಂಚಾಯತಿ ಕೂಡಿ ಡೀಸೆಲ್ ಖರ್ಚು ಹೊತ್ತುಕೊಂಡು, ಗಾಡಿ ಮತ್ತು ಡ್ರೈವರನ್ನು ಸರ್ಕಾರ ಕೊಟ್ಟರೆ ನಡೆಯುತ್ತೆ ಅಂತ ನನ್ನ ಅಂದಾಜು.

ನಮ್ಮ ಗ್ರಾಮಸಭೆಯಲ್ಲಿ ಇದನ್ನು ಎತ್ತಿದೆ. ‘ಇದಕ್ಕೆ ಹೆಡ್ ಇಲ್ಲ’ ಅಂದರು. ಆದರೂ ನಡಾವಳಿಯಲ್ಲಿ ಬರೆಸಿ ಬಂದಿದ್ದೀನಿ. ಗುಬ್ಬಿ, ಕುಣಿಗಲ್ ಕಡೆಯ ಓದುಗರು ನಿಮ್ಮ ನಿಮ್ಮ ಪಂಚಾಯತಿಯಲ್ಲೂ ಬರೆಸಿ. ನಿಮ್ಮೂರಲ್ಲಿ ಬೇರೆ ದಾರಿ ಹುಡುಕಿಕೊಂಡಿದ್ದರೆ ಪತ್ರಿಕೆಗೆ ತಿಳಿಸಿ.

ಬರೋ ಸೋಮವಾರ ನಳಿಕೆ ಬದಲಿಸೋ ದಿನ. ಓಮ್ನಿಯವನಿಗೆ ಹೇಳಿದ್ದೀನಿ.