ಮದ್ದು ಯಾವುದಕ್ಕೆ?

ಮಾತು ಬಾರದ ಆಟಿಸಂ ಬಾಲಕನೊಬ್ಬನು ಇದ್ದಕ್ಕಿದ್ದಂತೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದನೆಂದು ಇಟ್ಟುಕೊಳ್ಳಿ. 'ಅವನ ಸ್ವಭಾವವೇ ಅಂಥದು' ಎಂದು ನೆರೆಹೊರೆಯವರೂ, ಎಷ್ಟೋ ವೇಳೆ ವೈದ್ಯರೂ ಅಲ್ಲಿಗೇ ನಿಲ್ಲುತ್ತಾರೆ. ಹುಳುಕುಹಲ್ಲಿನ ನೋವೋ, ಮಲಬದ್ಧತೆಯೋ, ಒಳಗೊಳಗೇ ಬೆಳೆದ ಭಯವೋ, ಹೇಳಿಕೊಳ್ಳಲು ಅವನಿಗೆ ಮಾತಿಲ್ಲ. ಒಂದು ಹೆಸರು ಅಂಟಿದ ಮೇಲೆ ಮಿಕ್ಕ ಬೇನೆಗಳೆಲ್ಲ ಅದರ ಮರೆಯಲ್ಲಿ ಅಡಗಿಬಿಡುತ್ತವೆ.

ಈ ಗೊಂದಲ ಹೆಸರಿನೊಡನೆಯೇ ಹುಟ್ಟಿದುದು. ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ ಈ ಶಬ್ದವನ್ನು ಮೊದಲು ಬಳಸಿದುದು ಸ್ಕಿಜೋಫ್ರೀನಿಯಾ ಎಂಬ ಚಿತ್ತವಿಕಾರದ ಒಂದು ಲಕ್ಷಣಕ್ಕೆ. 1943ರಲ್ಲಿ ಬಾಲ್ಟಿಮೋರಿನ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ ಮೇಲೂ ಇವೆರಡನ್ನು ಬೇರ್ಪಡಿಸಲು ದಶಕಗಳೇ ಹಿಡಿದುವು. ಬಳಿಕ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಆಟಿಸಂ ಇರುವವರಿಗೆ ಗಮನಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯೂ ಇದೆಯೆಂದು ಬರೆಯಲು ಅಮೆರಿಕದ ಮನೋವೈದ್ಯರ ಕೈಪಿಡಿಯು 2013ರವರೆಗೆ ಅನುಮತಿಯನ್ನೇ ಕೊಡಲಿಲ್ಲ! ಎರಡೂ ಜೊತೆಯಾಗಿರುವುದು ತೀರ ಸಾಮಾನ್ಯವೆಂಬುದು ಈಗ ಒಪ್ಪಿದ ಮಾತು. ಆತಂಕ, ಖಿನ್ನತೆ, ಮೂರ್ಛೆರೋಗಗಳೂ ಇತರರಿಗಿಂತ ಇವರಲ್ಲಿ ಹೆಚ್ಚು.

ಇನ್ನು ಮದ್ದಿನ ಮಾತು. ರಿಸ್ಪೆರಿಡೋನ್ ಎಂಬ ಔಷಧವನ್ನು ಅಮೆರಿಕದಲ್ಲಿ 101 ಮಕ್ಕಳ ಮೇಲೆ ಎಂಟು ವಾರ ಪರೀಕ್ಷಿಸಿ 2002ರಲ್ಲಿ ಫಲವನ್ನು ಪ್ರಕಟಿಸಿದರು. ಔಷಧ ಪಡೆದವರಲ್ಲಿ ನೂರಕ್ಕೆ 69 ಮಂದಿ ಸುಧಾರಿಸಿದರು. ಹುಸಿಮದ್ದು ಪಡೆದವರಲ್ಲಿ 12 ಮಂದಿ ಮಾತ್ರ. ಆದರೆ ತಗ್ಗಿದುದು ರೇಗು, ಹೊಡೆದಾಟ, ತನ್ನನ್ನು ತಾನೇ ಗಾಯಪಡಿಸಿಕೊಳ್ಳುವಿಕೆ, ಆಟಿಸಂ ಅಲ್ಲ. 2006ರಲ್ಲಿ ಅಲ್ಲಿನ ಸರಕಾರ ಒಪ್ಪಿಗೆ ಕೊಟ್ಟುದೂ ಆ ರೇಗಿಗೇ. ಅದಕ್ಕೆ ತೆತ್ತ ಬೆಲೆಯೂ ಉಂಟು: ಎಂಟೇ ವಾರಗಳಲ್ಲಿ ಮೈತೂಕ ಸರಾಸರಿ 2.7 ಕಿಲೋಗ್ರಾಂ ಏರಿತ್ತು.

ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವ ಈ ಮಕ್ಕಳ ರೂಢಿಯನ್ನು ಗೀಳುರೋಗದ ಸೋದರನೆಂದೇ ಬಗೆದು, ಖಿನ್ನತೆಗೆ ಕೊಡುವ ಸಿಟಾಲೋಪ್ರಾಮ್ ಅನ್ನು 149 ಮಕ್ಕಳಲ್ಲಿ ಪರೀಕ್ಷಿಸಿದುದೂ ಉಂಟು. 2009ರಲ್ಲಿ ಬಂದ ಉತ್ತರವೇನು? ಅದಕ್ಕೂ ಹುಸಿಮದ್ದಿಗೂ ವ್ಯತ್ಯಾಸವಿಲ್ಲ! ಹೊರಗೆ ಒಂದೇ ತೆರನಾಗಿ ಕಂಡುದು ಒಳಗೂ ಒಂದೇ ಆಗಿರಲಿಲ್ಲ.

ಆ ಬಾಲಕನಿಗೂ ರಿಸ್ಪೆರಿಡೋನ್ ಕೊಟ್ಟರೆ ಅವನು ಸುಮ್ಮನಾದಾನು; ಹಲ್ಲು ಮಾತ್ರ ಹುಳಿಯುತ್ತಲೇ ಇದ್ದೀತು. ಮೊದಲು ಬಾಯಿ, ಕಿವಿ, ಹೊಟ್ಟೆಗಳನ್ನು ನೋಡಬೇಕು. ನಿದ್ದೆ ಹೇಗಿದೆ, ಮನೆಯಲ್ಲೋ ಶಾಲೆಯಲ್ಲೋ ಏನು ಬದಲಾಯಿತು ಎಂದು ಕೇಳಬೇಕು. ಅನಂತರವೂ ಮದ್ದು ಬೇಕಾದರೆ ಒಂದು ಸಲಕ್ಕೆ ಒಂದೇ, ಅದೂ ಅಲ್ಪ ಪ್ರಮಾಣದಲ್ಲಿ. ತೂಕವನ್ನು ಬರೆದಿಡಬೇಕು. ಯಾವಾಗ ತಗ್ಗಿಸಿ ನೋಡುವುದೆಂಬುದನ್ನು ಆರಂಭದ ದಿನವೇ ವೈದ್ಯರಲ್ಲಿ ಕೇಳಿಕೊಳ್ಳಬೇಕು. ತಾಯ್ತಂದೆಯರು ತಾವಾಗಿಯೇ ಥಟ್ಟನೆ ನಿಲ್ಲಿಸಕೂಡದು.